ಎಡಗೈಯಲ್ಲಿ ಮುದ್ದೆ ಮುರಿದ ಹುಡುಗ

ನಮ್ಮ ಮಂಡ್ಯ ಕಡೆ ಮಗ ಅಪ್ಪನ ಎದುರು ತುಟಿ ಬಿಚ್ಚದಿದ್ದರೆ ಸಾಕು, ಒಳ್ಳೆ ಹುಡುಗ ಅಂತಾರೆ. ನನ್ನ ಅಕ್ಕನ ಮಗ ಅಂಥವನೇ. ಊರು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆ ಬಯಲು. ಭಾವ ಕಷ್ಟಪಟ್ಟು ಕಬ್ಬು ಬೆಳೆಯುವವರು, ಮಗನ ಮೇಲೆ ಪ್ರೀತಿ ಇಲ್ಲ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಅವರ ಬೈಕ್ ಸದ್ದು ಬೀದಿ ಕೊನೆಯಲ್ಲಿ ಕೇಳಿದರೆ ಟಿವಿ ಆಫ್ ಆಗುತ್ತೆ, ನಗು ನಿಲ್ಲುತ್ತೆ.

ಅವತ್ತು ಭಾನುವಾರ ಹೋಗಿದ್ದೆ. ಭಾವ ಡೈರಿಗೆ ಹಾಲು ಹಾಕಲು ಹೊರಟಿದ್ದೇ ತಡ, ಹುಡುಗ ಊಟಕ್ಕೆ ಕೂತ. ಬಿಸಿಲಿನಲ್ಲೂ ತುಂಬು ತೋಳಿನ ಶರ್ಟು. ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದ, ಬಲಗೈ ತೊಡೆ ಮೇಲೆ ಸುಮ್ನೆ ಬಿದ್ದಿತ್ತು. ತೋಳು ಸರಿಸಿ ನೋಡಿದರೆ ಮಣಿಕಟ್ಟು ಊದಿಕೊಂಡು ನೀಲಿಗಟ್ಟಿದೆ. ಗೆಳೆಯನ ಬೈಕ್ ಓಡಿಸಲು ಹೋಗಿ ನಾಲೆ ಏರಿ ಮೇಲೆ ಬಿದ್ದಿದ್ದನಂತೆ. "ಮಾವ, ಅಪ್ಪಂಗೆ ಹೇಳ್ಬೇಡಿ" ಅನ್ನೋದೊಂದೇ ಮಾತು. ಬಿದ್ದ ಮೇಲೂ ಆ ಕೈಯಲ್ಲೇ ಹಸುಗೆ ಹುಲ್ಲು ಹೊತ್ತಿದ್ದಾನೆ!

ಮಂಡ್ಯಕ್ಕೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರೆ ಮೂಳೆ ಬಿರುಕು ಬಿಟ್ಟಿತ್ತು. ಭಾವ ಅಲ್ಲಿಗೇ ಓಡಿ ಬಂದು ಯಾಕೋ ಹೇಳಲಿಲ್ಲ ಅಂದರು. "ಹೊಡೀತೀರ ಅಂತ" ಅಂದ.

ಹದಿನೈದರ ಹುಡುಗ ಹುಚ್ಚು ಸಾಹಸ ಮಾಡೇ ಮಾಡ್ತಾನೆ. ಮುಂದೇನಾಗುತ್ತೆ ಅಂತ ತೂಗಿ ನೋಡುವ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತೆ. ಏಟು ಅದನ್ನು ಬೇಗ ಬಲಿಸಲ್ಲ, ಮುಚ್ಚಿಡೋದನ್ನ ಕಲಿಸುತ್ತೆ ಅಷ್ಟೇ. ಇವತ್ತು ಕೈ ಮುಚ್ಚಿಟ್ಟ, ನಾಳೆ ಯಾರೋ ಫೋನಿನಲ್ಲಿ ಬೆದರಿಸಿದರೆ, ಪರೀಕ್ಷೆ ಕೈಕೊಟ್ಟು ಬದುಕೇ ಬೇಡ ಅನ್ನಿಸಿದರೆ ಅದನ್ನೂ ಮುಚ್ಚಿಡ್ತಾನಲ್ವಾ? ನನಗೆ ಹೆದರಿಕೆ ಆಗಿದ್ದು ಅದಕ್ಕೆ. 1098 ಮಕ್ಕಳ ಸಹಾಯವಾಣಿ ನಂಬರನ್ನು ಅವನಿಗೆ ಬರೆದುಕೊಟ್ಟೆ. ಆದರೆ ಮೊದಲ ಕರೆ ಅಪ್ಪನಿಗೆ ಹೋಗಬೇಕು ಅನ್ನೋದೇ ನನ್ನಾಸೆ.

ಭಾವನಿಗೆ ನೇರವಾಗಿ ಹೇಳಿದೆ. 18 ತುಂಬಿ ಲೈಸೆನ್ಸ್ ಬರೋವರೆಗೂ ಬೈಕ್ ಮುಟ್ಟಬೇಡ ಅನ್ನಿ, ಕತ್ತಲಾಗೋದರೊಳಗೆ ಮನೆಗೆ ಬಾ ಅನ್ನಿ, ಅದು ಬೇಕು. ಬಿದ್ದು ಬಂದ ದಿನ ಮಾತ್ರ ಮೊದಲು ಕೈ ನೋಡಿ, ಬೈಗುಳ ನಾಳೆಗಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲೆಯಲ್ಲೇ ಮೇಷ್ಟ್ರು ಹೊಡೆಯೋ ಹಾಗಿಲ್ಲ, ನಾವ್ಯಾಕೆ ಹೊಡೀಬೇಕು ಅಂತಾನೂ ಕೇಳಿದೆ. "ನಮ್ಮಪ್ಪ ನಮ್ಮನ್ನ ಹೊಡೆದೇ ಬೆಳೆಸಲಿಲ್ವಾ?" ಅಂದರು. ಆ ಮಾತು ಇನ್ನೂ ಮುಗಿದಿಲ್ಲ, ಹಬ್ಬಕ್ಕೆ ಹೋದಾಗ ಮತ್ತೆ ಎತ್ತುತ್ತೇನೆ.