ಒಂದೇ ಬಾಣಲೆಯ ಸಾಸೇಜು, ನಮ್ಮ ಹಿತ್ತಿಲಿನ ತರಕಾರಿ

ಕುಂಬಳೆ, ಉಪ್ಪಳ, ಬದಿಯಡ್ಕದಂತಹ ಪೇಟೆಗಳ ಅಂಗಡಿಗಳಲ್ಲಿಯೂ ಈಗ ಫ್ರೀಜರಿನ ಬಾಗಿಲು ತೆರೆದರೆ ಕೋಳಿಮಾಂಸದ ಸಾಸೇಜಿನ ಪೊಟ್ಟಣಗಳು ಕಾಣಸಿಗುತ್ತವೆ. ಗಲ್ಫ್ ದೇಶಗಳಲ್ಲಿ ದುಡಿಯುವವರ ಮನೆಗಳು ಹೇರಳವಾಗಿರುವ ನಮ್ಮ ಕಾಸರಗೋಡಿಗೆ ಇದು ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ರಜೆಯಲ್ಲಿ ಊರಿಗೆ ಬರುವವರು ಅಲ್ಲಿ ರೂಢಿಸಿಕೊಂಡ ಅಡುಗೆಯನ್ನೂ ಜೊತೆಗೆ ತರುತ್ತಾರೆ. ಹಾಗೆ ಬಂದವುಗಳಲ್ಲಿ, ಸಾಸೇಜನ್ನೂ ತರಕಾರಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವ ರಾತ್ರಿಯ ಅಡುಗೆ ನಮ್ಮ ಕುಟುಂಬದಲ್ಲಿಯೂ ನೆರೆಹೊರೆಯಲ್ಲಿಯೂ ನೆಲೆಯೂರಿದೆ. ನನಗೆ ಇದನ್ನು ಹೇಳಿಕೊಟ್ಟವರು ಅಬುಧಾಬಿಯಲ್ಲಿರುವ ಅತ್ತಿಗೆ. ಅವರ ಕ್ರಮ ಸರಳವಾದದ್ದು: ಸಾಸೇಜು, ಬಟಾಟೆ, ದೊಣ್ಣೆಮೆಣಸು, ಬ್ರೊಕೋಲಿ, ಜುಕಿನಿ, ಕೆಂಪು ನೀರುಳ್ಳಿ ಎಲ್ಲವನ್ನೂ ಹೆಚ್ಚಿ, ಆಲಿವ್ ಎಣ್ಣೆ, ಪಾಪ್ರಿಕ ಮತ್ತು ಒರೆಗಾನೊ ಸವರಿ, ಅಗಲವಾದ ತಟ್ಟೆಯಲ್ಲಿ ಹರಡಿ, 200 ಡಿಗ್ರಿ ಬಿಸಿಯ ಓವನಿನಲ್ಲಿ ಅರ್ಧ ಗಂಟೆ ಇಡುವುದು.

ಇದನ್ನು ನಮ್ಮ ಅಡುಗೆಮನೆಗೆ ಒಗ್ಗಿಸಿಕೊಳ್ಳುವಾಗ ಹೆಚ್ಚಿನವರ ಕೈ ಮೊದಲು ಮಸಾಲೆಯ ಡಬ್ಬಿಗೆ ಹೋಗುತ್ತದೆ. ಗರಂ ಮಸಾಲೆ, ಕೊತ್ತಂಬರಿ ಪುಡಿ, ಟೊಮೆಟೊ ಸಾಸು ಎಲ್ಲವೂ ಬೀಳುತ್ತವೆ. ಆದರೂ ಕೊನೆಗೆ ಬಟ್ಟಲಿಗೆ ಬರುವುದು ನೀರೊಡೆದ, ಮೆತ್ತಗಾದ, ಉಪ್ಪು ಹೆಚ್ಚಾದ ಪಲ್ಯ. ಈ ಅಡುಗೆಯನ್ನು ಅಕ್ಕರೆಯಿಂದ ಮಾಡುತ್ತಾ ಬಂದಿರುವ ನನಗೆ ಖಚಿತವಾಗಿ ಅನಿಸಿರುವುದೇನೆಂದರೆ, ರುಚಿ ನಿಂತಿರುವುದು ಯಾವ ತರಕಾರಿ ಯಾವ ಹೊತ್ತಿಗೆ ಬಾಣಲೆಗೆ ಬೀಳುತ್ತದೆ ಎಂಬುದರ ಮೇಲೆ ಮತ್ತು ಸಾಸೇಜನ್ನು ಎಷ್ಟು ಕಡಿಮೆ ಹಾಕುತ್ತೇವೆ ಎಂಬುದರ ಮೇಲೆ. ಈ ಎರಡನ್ನು ಸರಿಪಡಿಸಿಕೊಂಡರೆ ಮಸಾಲೆಯ ಗೊಡವೆಯೇ ಬಹುಮಟ್ಟಿಗೆ ಬೇಡ.

ಓವನಿಗೂ ಗ್ಯಾಸ್ ಒಲೆಗೂ ಇರುವ ವ್ಯತ್ಯಾಸವನ್ನು ಮೊದಲು ಅರ್ಥಮಾಡಿಕೊಳ್ಳಬೇಕು. ಓವನಿನೊಳಗೆ ಒಣ ಬಿಸಿ ಎಲ್ಲ ಕಡೆಯಿಂದಲೂ ತಾಗುತ್ತದೆ, ತರಕಾರಿಯಿಂದ ಹೊರಟ ಹಬೆ ಅಗಲವಾದ ತಟ್ಟೆಯ ಮೇಲಿಂದ ಸುಲಭವಾಗಿ ಹೋಗಿಬಿಡುತ್ತದೆ. ಒಲೆಯ ಮೇಲೆ ಬಿಸಿ ಬರುವುದು ತಳದಿಂದ ಮಾತ್ರ. ನೀರು ಇರುವಷ್ಟು ಹೊತ್ತು ಬಾಣಲೆಯ ತಳ 100 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಆದರೆ ಸಾಸೇಜಿಗೂ ತರಕಾರಿಗೂ ಪರಿಮಳ ಕೊಡುವ ಕಂದು ಬಣ್ಣ ಚೆನ್ನಾಗಿ ಮೂಡಲು 140 ಡಿಗ್ರಿಯಷ್ಟಾದರೂ ಬೇಕು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಸುರಿದರೆ, ನೀರು ಬಿಡುವ ತರಕಾರಿಯೊಂದು ಉಳಿದವೆಲ್ಲವನ್ನೂ ಬೇಯಿಸಿಬಿಡುತ್ತದೆಯೇ ಹೊರತು ಯಾವುದನ್ನೂ ಹುರಿಯಲು ಬಿಡುವುದಿಲ್ಲ.

ಪಾತ್ರೆಯ ವಿಷಯದಲ್ಲಿ ನನ್ನ ಮತ ಬೀಡಿನ, ಅಂದರೆ ಎರಕದ ಕಬ್ಬಿಣದ ಬಾಣಲೆಗೆ. ತಳ ಚಪ್ಪಟೆಯಾಗಿ, ಒಂದು ಅಡಿಯಷ್ಟು ಅಗಲವಾಗಿರಬೇಕು. ಆಳವಾದ ಗುಂಡು ತಳದ ಬಾಣಲೆಯಲ್ಲಿ ಹೋಳುಗಳೆಲ್ಲ ನಡುವಿಗೆ ಜಾರಿ ಒಂದರ ಮೇಲೊಂದು ಗುಪ್ಪೆಯಾಗುತ್ತವೆ. ಬೀಡು ನಿಧಾನವಾಗಿ ಕಾದರೂ ಕಾದ ಮೇಲೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ, ತಣ್ಣಗಿನ ತರಕಾರಿ ಬಿದ್ದಾಗಲೂ ತಳ ಬೇಗ ಆರುವುದಿಲ್ಲ. ದೋಸೆಯ ಕಾವಲಿಗೆ ಅಂಚಿಲ್ಲದ ಕಾರಣ ಅದು ಇದಕ್ಕೆ ಒದಗುವುದಿಲ್ಲ.

ಇನ್ನು ತರಕಾರಿ. ಬ್ರೊಕೋಲಿ ನಮ್ಮಲ್ಲಿ ಸಿಕ್ಕರೂ ಬಾಡಿರುತ್ತದೆ, ಬೆಲೆಯೂ ಹೆಚ್ಚು. ಅದಕ್ಕಾಗಿ ಮಂಗಳೂರಿಗೆ ಹೋಗಬೇಕಾದ ಅಗತ್ಯ ನನಗೆ ಕಂಡಿಲ್ಲ. ಜುಕಿನಿಯ ಬದಲಿಗೆ ಹೀರೆಕಾಯಿ ಎಂದು ಹಲವರು ಹೇಳುತ್ತಾರೆ. ನೋಟಕ್ಕೆ ಅವು ಹತ್ತಿರವಾದರೂ ಹೀರೆಕಾಯಿ ಕಾದ ಬಾಣಲೆಗೆ ಬಿದ್ದ ಕೂಡಲೇ ನೀರು ಬಿಟ್ಟು ಕುಗ್ಗಿಹೋಗುತ್ತದೆ. ಅದರ ಸ್ಥಾನಕ್ಕೆ ಉದ್ದುದ್ದ ಸೀಳಿದ ತೊಂಡೆಕಾಯಿ ಯೋಗ್ಯವಾದದ್ದು. ಬೀನ್ಸಿನ ಬದಲು ಹಿತ್ತಿಲಿನ ಅಲಸಂಡೆಯನ್ನು ಎರಡು ಅಂಗುಲದ ತುಂಡುಗಳಾಗಿ ಮುರಿದು ಹಾಕಬಹುದು. ಚೀನಿಕಾಯಿ, ಅಂದರೆ ಸಿಹಿಗುಂಬಳದ ಹೋಳು ಸಾಸೇಜಿನ ಉಪ್ಪಿಗೆ ಎದುರಾಗಿ ಸಿಹಿಯನ್ನು ತರುತ್ತದೆ. ಈ ಅಡುಗೆಯಲ್ಲಿ ಅದನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ. ಬದನೆ ಎಣ್ಣೆಯನ್ನೆಲ್ಲ ಹೀರಿಕೊಳ್ಳುವುದರಿಂದ ಬೇಡ.

ಬಟಾಟೆಯ ಬದಲಿಗೆ ಕೂರ್ಕ ಸಿಗುವ ತಿಂಗಳುಗಳಲ್ಲಿ ನಾನು ಬೇರೆ ಯಾವ ಗಡ್ಡೆಯನ್ನೂ ಹುಡುಕುವುದಿಲ್ಲ. ಮಳೆಗಾಲದಲ್ಲಿ ನೆಟ್ಟು ಚಳಿಗಾಲದ ಹೊತ್ತಿಗೆ ಅಗೆಯುವ ಈ ಚಿಕ್ಕ ಗಡ್ಡೆಗೆ ಮಣ್ಣಿನ ಪರಿಮಳವೊಂದಿದೆ, ಅದು ಹುರಿದ ಮಾಂಸದ ಜೊತೆಗೆ ತುಂಬ ಹೊಂದಿಕೊಳ್ಳುತ್ತದೆ. ಸಿಪ್ಪೆ ತೆಗೆಯುವುದು ಬೇಸರದ ಕೆಲಸವೆಂದು ಅನೇಕರು ದೂರ ಸರಿಯುತ್ತಾರೆ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಗೋಣಿಚೀಲದ ತುಂಡಿನಲ್ಲಿ ಕಟ್ಟಿ ಕಲ್ಲಿನ ಮೇಲೆ ಉಜ್ಜಿದರೆ ಸಿಪ್ಪೆಯ ಹೆಚ್ಚಿನ ಭಾಗ ತಾನಾಗಿ ಬಿಟ್ಟುಬರುತ್ತದೆ, ಉಳಿದದ್ದನ್ನು ಚೂರಿಯಿಂದ ಕೆರೆದರಾಯಿತು. ಕೂರ್ಕ ಇಲ್ಲದ ಕಾಲದಲ್ಲಿ ಗೆಣಸು ಅಥವಾ ಬಲಿತ ನೇಂದ್ರ ಬಾಳೆಕಾಯಿ. ಮರಗೆಣಸನ್ನು ಮಾತ್ರ ಮೊದಲೇ ಬೇರೆಯಾಗಿ ಬೇಯಿಸಿ ಆ ನೀರನ್ನು ಚೆಲ್ಲಬೇಕಾದ್ದರಿಂದ, ಒಂದೇ ಪಾತ್ರೆಯೆಂಬ ಅನುಕೂಲ ಅಲ್ಲಿಗೆ ಕೊನೆಯಾಗುತ್ತದೆ.

ಈ ಅನುಕೂಲವನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾವಿಯ ತಳ ಕಾಣುವ, ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತಂದುಕೊಂಡ ಊರಿನಲ್ಲಿ, ರಾತ್ರಿಯ ಊಟದ ಅನಂತರ ತೊಳೆಯಲು ಒಂದು ಬಾಣಲೆ ಮಾತ್ರ ಉಳಿಯುತ್ತದೆಯೆಂದರೆ ಅದು ಕೆಲಸದಿಂದ ಬಂದ ಹೆಂಗಸಿಗೂ ನೀರಿಗೂ ದೊಡ್ಡ ಉಳಿತಾಯ.

ಎಣ್ಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಂಗಿನ ಸಂಶೋಧನೆಗೆಂದು 1916ರಲ್ಲಿಯೇ ಕೇಂದ್ರವೊಂದು ಆರಂಭವಾದ ಕಾಸರಗೋಡಿನವರಾದ ನಾವು ಆಲಿವ್ ಎಣ್ಣೆಗೆ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಯಲ್ಲಿಯೇ ಹೊಗೆಯಾಡತೊಡಗುತ್ತದೆ. ಆದ್ದರಿಂದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ, ಉರಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಪಾಪ್ರಿಕದ ಕೆಲಸವನ್ನು ಬ್ಯಾಡಗಿ ಮೆಣಸಿನ ಪುಡಿ ಲೀಲಾಜಾಲವಾಗಿ ಮಾಡುತ್ತದೆ, ಏಕೆಂದರೆ ಅದರಲ್ಲಿಯೂ ಖಾರ ಕಡಿಮೆ, ಬಣ್ಣ ಹೆಚ್ಚು. ಒರೆಗಾನೊ ಇಲ್ಲವೆಂದು ಪಿಜ್ಜಾದ ಜೊತೆ ಬಂದ ಪೊಟ್ಟಣಗಳನ್ನು ಕೂಡಿಡುವವರಿಗೆ ನಾನು ಹೇಳುವುದು, ನಿಮ್ಮ ಬಾವಿಕಟ್ಟೆಯ ಬಳಿಯ ದೊಡ್ಡಪತ್ರೆಯನ್ನು ನೋಡಿ ಎಂದು. ಒರೆಗಾನೊಗೆ ಅದರ ವಾಸನೆಯನ್ನು ಕೊಡುವ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಪದಾರ್ಥಗಳೇ ದೊಡ್ಡಪತ್ರೆಯಲ್ಲಿಯೂ ಇವೆ. ಕೂರ್ಕ ಮತ್ತು ದೊಡ್ಡಪತ್ರೆ ಒಂದೇ ಕುಲದ ಸಸ್ಯಗಳು ಎಂಬುದನ್ನು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು. ಎರಡು ಮೂರು ಎಲೆ ಸಾಕು, ಹೆಚ್ಚಾದರೆ ಕಷಾಯದ ನೆನಪು ಬರುತ್ತದೆ.

ಸಾಸೇಜಿನ ಪ್ರಮಾಣದ ಕುರಿತು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ನಾಲ್ವರಿಗೆ 250 ಗ್ರಾಂ ಸಾಸೇಜಿಗೆ ಮುಕ್ಕಾಲು ಕಿಲೋ ತರಕಾರಿ ನನ್ನ ಲೆಕ್ಕ. ನಮ್ಮ ಕರಾವಳಿಯಲ್ಲಿ ಬಸಳೆಗೆ ಒಂದು ಹಿಡಿ ಸಿಗಡಿ ಹಾಕಿ ಇಡೀ ಪಾತ್ರೆಗೆ ಸಮುದ್ರದ ರುಚಿ ಬರಿಸುತ್ತಾರಲ್ಲ, ಸಾಸೇಜಿಗೂ ಇಲ್ಲಿ ಅಷ್ಟೇ ಪಾತ್ರ ಕೊಡಬೇಕು. ಸಾಮಾನ್ಯವಾಗಿ 100 ಗ್ರಾಂ ಸಾಸೇಜಿನಲ್ಲಿ ಸುಮಾರು 2 ಗ್ರಾಂ ಉಪ್ಪು ಇರುತ್ತದೆ, ಅಂದರೆ ಒಂದು ಪೊಟ್ಟಣದಲ್ಲಿಯೇ 5 ಗ್ರಾಂ. ವಯಸ್ಕರೊಬ್ಬರು ದಿನವಿಡೀ ತಿನ್ನುವ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕಾರಣದಿಂದ ತರಕಾರಿಗೆ ನಾನು ಮೊದಲು ಉಪ್ಪು ಹಾಕುವುದೇ ಇಲ್ಲ, ಕೊನೆಯಲ್ಲಿ ರುಚಿ ನೋಡಿ ಬೇಕಿದ್ದರೆ ಚಿಟಿಕೆಯಷ್ಟು. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಮಿನಂತೆ ನಿತ್ಯವೂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು 18 ಶೇಕಡಾ ಹೆಚ್ಚುತ್ತದೆಂದು ಅದು ಹೇಳಿತ್ತು. ಮಕ್ಕಳು ಎಷ್ಟು ಇಷ್ಟಪಟ್ಟರೂ ಇದು ನಮ್ಮ ಮನೆಯಲ್ಲಿ ವಾರದ ಅಡುಗೆಯಾಗದೆ ಅಪರೂಪದ ಅಡುಗೆಯಾಗಿಯೇ ಉಳಿದಿರುವುದು ಇದಕ್ಕಾಗಿ.

ಮಾಡುವ ಕ್ರಮ ಹೀಗೆ. ಸಾಸೇಜನ್ನು ಫ್ರೀಜರಿನಿಂದ ಬೆಳಗ್ಗೆಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಟ್ಟು, ಸಂಜೆ ಒರಸಿ, ಓರೆಯಾಗಿ ಅರ್ಧ ಅಂಗುಲದ ಹೋಳುಗಳನ್ನಾಗಿ ಕತ್ತರಿಸಿಕೊಳ್ಳುತ್ತೇನೆ. ಓರೆಯಾಗಿ ಕತ್ತರಿಸಿದರೆ ತಳಕ್ಕೆ ತಾಗುವ ಮೈ ಹೆಚ್ಚು ಸಿಗುತ್ತದೆ. ಕಾದ ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಎರಡೂ ಬದಿ ಕಂದಾಗುವ ತನಕ ನಾಲ್ಕೈದು ನಿಮಿಷ ಬಿಟ್ಟು, ಊಟದ ತಟ್ಟೆಯೊಂದಕ್ಕೆ ತೆಗೆದಿಡುತ್ತೇನೆ. ಕೋಳಿಯ ಸಾಸೇಜು ಹೆಚ್ಚು ಕೊಬ್ಬು ಬಿಡುವುದಿಲ್ಲ, ಆದರೆ ತಳದಲ್ಲಿ ಅಂಟಿದ ಕಂದು ಚೂರುಗಳಲ್ಲಿ ರುಚಿಯೆಲ್ಲ ಇದೆ. ಅದೇ ಬಾಣಲೆಗೆ ಅರ್ಧಕ್ಕೆ ಸೀಳಿದ ಕೂರ್ಕ, ಮೂರು ನಾಲ್ಕು ಚಮಚ ನೀರು, ಮೇಲೆ ಮುಚ್ಚಳ. ಹಬೆಯಲ್ಲಿ ಹತ್ತು ನಿಮಿಷಕ್ಕೆ ಕೂರ್ಕ ಮುಕ್ಕಾಲು ಬೇಯುತ್ತದೆ, ತಳದ ಚೂರುಗಳೂ ಬಿಟ್ಟುಕೊಂಡು ಗಡ್ಡೆಗೆ ಹತ್ತಿಕೊಳ್ಳುತ್ತವೆ. ಮುಚ್ಚಳ ತೆಗೆದ ಮೇಲೆ ಮತ್ತೆ ಮುಚ್ಚಬಾರದು. ತೊಂಡೆಕಾಯಿ, ಅಲಸಂಡೆ, ದಪ್ಪಗೆ ಹೆಚ್ಚಿದ ನೀರುಳ್ಳಿ, ಸಿಪ್ಪೆ ಸುಲಿದ ಇಡೀ ಬೆಳ್ಳುಳ್ಳಿ ಎಸಳು ಇವು ಮೊದಲು. ಎರಡು ನಿಮಿಷದ ಅನಂತರ ಚೀನಿಕಾಯಿ. ಆಗಾಗ ಕೈಯಾಡಿಸುವ ಅಭ್ಯಾಸವನ್ನು ಇಲ್ಲಿ ಹಿಡಿತದಲ್ಲಿಡಬೇಕು. ಎರಡು ನಿಮಿಷಕ್ಕೊಮ್ಮೆ ಸಟ್ಟುಗದಿಂದ ಮಗುಚಿದರೆ ಸಾಕು, ಕಂದಾಗಲು ಅದಕ್ಕೆ ಪುರುಸೊತ್ತು ಬೇಕು. ಎಂಟು ಹತ್ತು ನಿಮಿಷದಲ್ಲಿ ಚೀನಿಕಾಯಿಗೆ ಚೂರಿ ಸುಲಭವಾಗಿ ಇಳಿಯುವ ಹದ ಬಂದಾಗ, ಉರಿಯನ್ನು ತಗ್ಗಿಸಿ, ಒಂದು ಸಣ್ಣ ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಜಜ್ಜಿದ ಕಾಳುಮೆಣಸು, ಕರಿಬೇವು, ಹೆಚ್ಚಿದ ದೊಡ್ಡಪತ್ರೆ ಹಾಕಿ, ಸಾಸೇಜನ್ನು ಮರಳಿ ಸೇರಿಸಿ, ಒಂದೆರಡು ನಿಮಿಷ ಬಿಸಿಯಾಗಿಸಿ ಇಳಿಸಿ ಲಿಂಬೆ ಹಿಂಡುತ್ತೇನೆ. ಹಿತ್ತಿಲಲ್ಲಿ ಬಿಂಬುಳಿಯೆಂಬ ಹುಳಿಕಾಯಿ ಇದ್ದರೆ ಅದನ್ನು ತೆಳ್ಳಗೆ ಹೆಚ್ಚಿ ಚೀನಿಕಾಯಿಯ ಜೊತೆಗೇ ಹಾಕಬಹುದು.

ಪೊಟ್ಟಣದ ಮೇಲೆ ಬೇಯಿಸಿದ್ದು ಎಂದು ಬರೆದಿರುವ ಸಾಸೇಜಿಗೆ ಈ ಸಮಯ ಸಾಕು. ಹಸಿಯದ್ದಾದರೆ ಇಡಿಯಾಗಿಯೇ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಒಳಗೆ ಗುಲಾಬಿ ಬಣ್ಣ ಉಳಿದಿಲ್ಲವೆಂದು ನೋಡಿಕೊಂಡು ಆಮೇಲೆ ಕತ್ತರಿಸಬೇಕು. ಅಡುಗೆಯ ಥರ್ಮಾಮೀಟರ್ ಇರುವವರು ಕೋಳಿಮಾಂಸಕ್ಕೆ 74 ಡಿಗ್ರಿ ಬಂದಿದೆಯೇ ಎಂದು ಪರೀಕ್ಷಿಸಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ವಾಡಿಕೆಯ ಮಾತು. ತುಂಬಿದ ಫ್ರೀಜರನ್ನು ತೆರೆಯದೆ ಬಿಟ್ಟರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಣ್ಣಗಿರುತ್ತದೆ. ಅಷ್ಟರಲ್ಲಿ ಕರಗಿ, ಫ್ರಿಜ್ಜಿನ ತಣ್ಣಗೂ ಇಲ್ಲದೆ ಎರಡು ಗಂಟೆಗಿಂತ ಹೆಚ್ಚು ಉಳಿದ ಸಾಸೇಜನ್ನು, ವಾಸನೆ ಬಂದಿಲ್ಲವೆಂಬ ಧೈರ್ಯದಿಂದ ಬಳಸುವುದು ಬೇಡ.

ಒಂದೊಂದು ಮನೆಯಲ್ಲಿ ಇದು ಒಂದೊಂದು ದಾರಿ ಹಿಡಿದಿರುವುದನ್ನು ನೋಡುವುದೇ ನನಗೆ ಇಷ್ಟ. ನೆರೆಮನೆಯ ಅಕ್ಕ ಹಲಾಲ್ ಬೀಫ್ ಸಾಸೇಜಿನಲ್ಲಿ ಮಾಡಿ, ನೀರುಳ್ಳಿಯನ್ನು ಹೆಚ್ಚಿಸಿ, ಪತ್ತಿರಿಯ, ಅಂದರೆ ಅಕ್ಕಿಹಿಟ್ಟಿನ ತೆಳು ರೊಟ್ಟಿಯ ಜೊತೆಗೆ ಬಡಿಸುತ್ತಾರೆ. ಬೇಳದ ಇಗರ್ಜಿಯ ಕಡೆಯ ಗೆಳತಿ ಗೋವಾದಿಂದ ಬಂದ ಹಂದಿಮಾಂಸದ ಸಾಸೇಜನ್ನು ಬಳಸುತ್ತಾಳೆ. ಅದರಲ್ಲಿ ಮೆಣಸು, ವಿನೆಗರ್ ಎರಡೂ ಮೊದಲೇ ಇರುವುದರಿಂದ ಲಿಂಬೆಯೂ ಬ್ಯಾಡಗಿಯೂ ಬೇಕಾಗಿಲ್ಲ, ಸ್ವಲ್ಪ ನೀರಿನಲ್ಲಿ ಬೇಯಿಸಿದರೆ ಹೊರಬರುವ ಕೊಬ್ಬಿನಲ್ಲಿಯೇ ತರಕಾರಿ ಹುರಿಯುತ್ತದೆ, ಎಣ್ಣೆಯೂ ಬೇಡ. ನಮ್ಮಲ್ಲಿ ಇದು ಕುಚ್ಚಲಕ್ಕಿಯ ಗಂಜಿಯ ಜೊತೆಗೆ. ಉಪ್ಪಿಲ್ಲದ ಬಿಸಿ ಗಂಜಿಯ ಬದಿಯಲ್ಲಿ ಈ ಉಪ್ಪು ಖಾರದ ಹೋಳುಗಳು ಎಷ್ಟು ಚೆನ್ನಾಗಿ ಹೋಗುತ್ತವೆಂದರೆ, ಬ್ರೆಡ್ಡಿನ ಜೊತೆ ತಿನ್ನುತ್ತಿದ್ದ ಅತ್ತಿಗೆಯೇ ಈಗ ಊರಿಗೆ ಬಂದಾಗ ಗಂಜಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಸೋಮವಾರಗಳಲ್ಲಿಯೂ ತುಳುವರ ಪಂಚಾಂಗದ ಸೋಣ ತಿಂಗಳಲ್ಲಿಯೂ ಮಾಂಸ ಮುಟ್ಟದ ನಮ್ಮ ಅತ್ತೆಯವರಿಗಾಗಿ ಇದೇ ಕ್ರಮದಲ್ಲಿ ಹಲಸಿನ ಬೀಜದಿಂದ ಮಾಡುವುದನ್ನು ರೂಢಿಸಿಕೊಂಡಿದ್ದೇನೆ. ಬೇಸಗೆಯಲ್ಲಿ ತೆಗೆದಿಟ್ಟ ಬೀಜದ ಹೊರಸಿಪ್ಪೆ ಸುಲಿದು, ಉದ್ದಕ್ಕೆ ಸೀಳಿ, ಕೂರ್ಕದ ಜೊತೆಗೇ ಹಬೆಯಲ್ಲಿ ಬೇಯಿಸಿದರೆ ಆಯಿತು, ಆದರೆ ಐದು ನಿಮಿಷ ಹೆಚ್ಚು ಕೊಡಬೇಕು. ಸಾಸೇಜಿನಿಂದ ಬರಬೇಕಾದ ಉಪ್ಪು ಇಲ್ಲಿ ಇಲ್ಲದಿರುವುದರಿಂದ ನೀರಿನಲ್ಲಿಯೇ ಉಪ್ಪು ಕರಗಿಸಿ ಹಾಕುತ್ತೇನೆ, ಬೆಳ್ಳುಳ್ಳಿಯ ಬದಲು ಶುಂಠಿ, ಕಾಳುಮೆಣಸು ಎರಡು ಪಟ್ಟು. ಮುಚ್ಚಳ ತೆಗೆದ ಮೇಲೆ ಬೀಜದ ಸೀಳಿದ ಮೈಯನ್ನು ತಳಕ್ಕೆ ತಾಗಿಸಿ ಮಗುಚದೆ ಬಿಟ್ಟರೆ ಅದು ಸಾಸೇಜಿಗಿಂತಲೂ ಚೆನ್ನಾಗಿ ಕೆಂಪಗಾಗುತ್ತದೆ, ಮತ್ತು ಮಕ್ಕಳು ತಮ್ಮ ಸಾಸೇಜನ್ನು ಬಿಟ್ಟು ಅಜ್ಜಿಯ ಪಾಲಿಗೆ ಕೈಹಾಕುವುದರಿಂದ ನಾನು ಬೀಜವನ್ನು ಯಾವಾಗಲೂ ಎರಡು ಹಿಡಿ ಹೆಚ್ಚಾಗಿಯೇ ಸುಲಿಯುತ್ತೇನೆ.