ಕೊಯ್ಟ್ ಟವರ್: ಹಸಿ ಗಾರೆಯಲ್ಲಿ ಉಳಿದ 1934

ಸ್ಯಾನ್ ಫ್ರಾನ್ಸಿಸ್ಕೊದ ಟೆಲಿಗ್ರಾಫ್ ಹಿಲ್‌ಗೆ 39ನೇ ನಂಬರ್ ಬಸ್ಸಿದೆ. ಮಂಡಿ ಗಟ್ಟಿಯಿದ್ದವರು ಪೂರ್ವದಿಂದ ಫಿಲ್ಬರ್ಟ್ ಮೆಟ್ಟಿಲು ಹಿಡಿಯುವುದೇ ಚೆಂದ. ಅಕ್ಕಪಕ್ಕ ತೋಟ, ಬೆನ್ನಿಗೆ ಕೊಲ್ಲಿ. ನೆತ್ತಿಯಲ್ಲಿ 210 ಅಡಿಯ ಬಿಳಿ ಕಾಂಕ್ರೀಟ್ ಗೋಪುರ, ಅದೇ ಕೊಯ್ಟ್ ಟವರ್. ಬಂದವರಲ್ಲಿ ಬಹಳಷ್ಟು ಮಂದಿ ಲಿಫ್ಟಿನ ಸಾಲಿಗೆ ನಿಂತು ತುದಿಗೆ ಹೋಗಿಬಿಡುತ್ತಾರೆ. ಆದರೆ ನಿಧಾನವಾಗಿ ನೋಡಬೇಕಾದ್ದೆಲ್ಲ ಕೆಳಗೇ ಇದೆ, ಗೋಡೆಗಳ ಮೇಲೆ ಬರೆದ ಚಿತ್ರಗಳಲ್ಲಿ.

ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕೂತಿದ್ದ ಕಲಾವಿದರಿಗೆ ಅಮೆರಿಕ ಸರ್ಕಾರ 1933ರ ಡಿಸೆಂಬರಿನಲ್ಲಿ, ಸಂಬಳ ಕೊಟ್ಟು ಸಾರ್ವಜನಿಕ ಕಟ್ಟಡಗಳಿಗೆ ಕಲಾಕೃತಿ ಮಾಡಿಸುವ ಒಂದು ಯೋಜನೆ ತಂದಿತು. ಇಲ್ಲಿ ಸುಮಾರು 25 ಮುಖ್ಯ ಕಲಾವಿದರು, ಜೊತೆಗೆ ಸಹಾಯಕರು ದುಡಿದರು. ವಾರದ ಸಂಬಳ 25ರಿಂದ 45 ಡಾಲರ್. ಇಷ್ಟು ಕೈ ಸೇರಿದರೂ ಗೋಡೆ ಕಲಸುಮೇಲೋಗರ ಆಗಲಿಲ್ಲ. ಮನುಷ್ಯಾಕೃತಿಗಳ ಅಳತೆಯನ್ನು ಹೊಂದಿಸಿಕೊಂಡು, ಎಲ್ಲರೂ ಮಣ್ಣಿನ ಬಣ್ಣಗಳಿಗೇ ಒಗ್ಗಿಕೊಂಡರು. ತಾಂತ್ರಿಕ ಹೊಣೆ ಹೊತ್ತವರು ವಿಕ್ಟರ್ ಅರ್ನಾಟಾಫ್. ಮೆಕ್ಸಿಕೊದಲ್ಲಿ ಅಲ್ಲಿನ ಹೆಸರಾಂತ ಭಿತ್ತಿಚಿತ್ರಕಾರ ಡಿಯೇಗೊ ರಿವೇರಾ ಜೊತೆ ಪಳಗಿದವರು.

ಹೆಚ್ಚಿನವು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರಗಳು. ಇದರಲ್ಲಿ ಗಾರೆಯವನದ್ದೇ ಅರ್ಧ ಕೆಲಸ. ಅರಳಿಸಿ ಕೊಳೆಹಾಕಿದ ಸುಣ್ಣ ಒಂದು ಪಾಲಿಗೆ ಮರಳು ಎರಡು-ಮೂರು ಪಾಲು ಸೇರಿಸಿ ಮೊದಲು ಒರಟು ಗಾರೆ ಹಚ್ಚಬೇಕು. ಅದು ಬಲಿತ ಮೇಲೆ ನೀರು ಕುಡಿಸಿ, ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ ಅರ್ಧ ಸೆಂಟಿಮೀಟರ್ ನುಣುಪು ಗಾರೆ ಎಳೆಯಬೇಕು. ಬಣ್ಣಕ್ಕೆ ಅಂಟು ಬೇಡ, ನೀರು ಸಾಕು. ಸುಣ್ಣ ಗಾಳಿಯಲ್ಲಿ ಮತ್ತೆ ಕಲ್ಲಾಗುತ್ತಾ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ.

ಸಿಗುವ ಹೊತ್ತು ಆರರಿಂದ ಎಂಟು ತಾಸು. ಅವಸರಪಟ್ಟರೆ ಕುಂಚಕ್ಕೆ ಗಾರೆ ಕಿತ್ತು ಬರುತ್ತದೆ. ತಡವಾದರೆ ಬಣ್ಣ ಮೇಲೇ ಕೂತು ಒಣಗಿ ಪುಡಿಯಾಗಿ ಉದುರುತ್ತದೆ. ತಳಕ್ಕೆ ನೀರು ಸಾಲದಿದ್ದರೂ ಅದೇ ಗತಿ. ಮರಳು ಕಡಿಮೆಯಾದರೆ ಬಿರುಕು. ಸಂಜೆಗೆ ಉಳಿದ ಗಾರೆಯನ್ನು ಚಿತ್ರದಲ್ಲಿರುವ ತೋಳಿನ ಅಂಚಿಗೋ ಕೋಟಿನ ಅಂಚಿಗೋ ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಮರುದಿನದ ಬೆಸುಗೆ ಅಲ್ಲಿ ಮರೆಯಾಗುತ್ತದೆ. ಗೋಡೆಗೆ ಒರಗಿದಂತೆ ಬದಿಯಿಂದ ನೋಡಿ ಆ ಗೆರೆ ಹುಡುಕಿ.

ಅರ್ನಾಟಾಫ್ ಬರೆದ 36 ಅಡಿಯ ನಗರಜೀವನದಲ್ಲಿ ಜನಜಂಗುಳಿಯ ನಡುವೆಯೇ ಒಬ್ಬನನ್ನು ಬಂದೂಕು ತೋರಿಸಿ ದೋಚುತ್ತಿದ್ದಾರೆ, ಯಾರೂ ತಿರುಗಿ ನೋಡುತ್ತಿಲ್ಲ. ಬರ್ನಾರ್ಡ್ ಜಾಕ್‌ಹೈಮ್‌ರ ಗ್ರಂಥಾಲಯದ ಚಿತ್ರಕ್ಕೆ ಜೊತೆಗಾರರೇ ರೂಪದರ್ಶಿಗಳು. ಜಾನ್ ಲ್ಯಾಂಗ್ಲಿ ಹೋವರ್ಡ್ ಒಂದು ಕೈಲಿ ಪತ್ರಿಕೆ ಮುದುರಿ, ಇನ್ನೊಂದು ಕೈಯನ್ನು ಕಪಾಟಿನಲ್ಲಿರುವ ಮಾರ್ಕ್ಸ್ ಪುಸ್ತಕಕ್ಕೆ ಚಾಚಿದ್ದಾರೆ. ಇಡೀ ಗೋಪುರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಸಮುದ್ರದ ತೇವ, ಕಾಂಕ್ರೀಟಿನೊಳಗೆ ಇಳಿದ ನೀರು ಈ ಗಾರೆಗೆ ದೊಡ್ಡ ಶತ್ರುಗಳು, 2014ರಲ್ಲಿ ದುರಸ್ತಿಯಾಗಿದೆ. ಕೈ ತಾಗಿಸಬೇಡಿ, ಬೆನ್ನುಚೀಲ ಎದೆಗೆ ಹಾಕಿಕೊಳ್ಳಿ. ಎರಡನೇ ಮಹಡಿಯ ಚಿತ್ರಗಳಿಗೆ ಮಾರ್ಗದರ್ಶಿಯ ಜೊತೆಗೇ ಪ್ರವೇಶ.

ಹೊರಡುವ ಮುನ್ನ ಕ್ಲಿಫರ್ಡ್ ವೈಟ್ ಬರೆದ ಕಾರ್ಮಿಕರ ಹತ್ತಿರದ ಕಿಟಕಿಗಳನ್ನು ತಲೆಯೆತ್ತಿ ನೋಡಿ. 1934ರ ಬೇಸಿಗೆಯಲ್ಲಿ ಕೆಳಗಿನ ಬಂದರಿನಲ್ಲಿ ಹಮಾಲರ ಮುಷ್ಕರ ನಡೆದಿತ್ತು. ಗೋಪುರಕ್ಕೂ ಬೀಗ ಬಿತ್ತು. ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಕಿಟಕಿಯ ಮೇಲೆ ವೈಟ್ ಬರೆದಿದ್ದ ಸುತ್ತಿಗೆ-ಕುಡುಗೋಲು, ಕಮ್ಯುನಿಸ್ಟರ ಆ ಗುರುತು, ಅಲ್ಲಿರಲಿಲ್ಲ.