ಭಾವನ ಗಸ್ತು: ದರೋಜಿ ಕರಡಿಧಾಮದ ಅಂಚಿನಲ್ಲಿ ಎರಡು ದಿನ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಈ ಸಲ ಸಿಂಧನೂರಿನಲ್ಲಿ ಅದು ಶಿವರಾತ್ರಿಗೂ ಮೊದಲೇ ಹೊರಟುಹೋಗಿತ್ತು. ಜಾಗರಣೆಯ ಮರುದಿನ ಬೆಳಗ್ಗೆ, ಕಣ್ಣು ಉರಿಯುತ್ತಿದ್ದರೂ, ಐದನೇ ಕ್ಲಾಸಿನ ಮಗಳನ್ನು ಎಬ್ಬಿಸಿಕೊಂಡು ಗಂಗಾವತಿ ಬಸ್ಸು ಹತ್ತಿದೆ. ಅಕ್ಕನ ಗಂಡ ಅರಣ್ಯ ಇಲಾಖೆಯಲ್ಲಿ ಗಾರ್ಡ್. ಕಾಗದದ ಮೇಲೆ ಅವರ ಹುದ್ದೆಗೆ ‘ಗಸ್ತು ಅರಣ್ಯ ಪಾಲಕ’ ಎಂದು ಹೆಸರು. ಕಂಪ್ಲಿ ಕಡೆ ಬಂದು ಮೂರು ವರ್ಷವಾಯಿತು. ‘ದೊಡ್ಡಪ್ಪ ಕರಡಿ ತೋರಿಸ್ತೀನಿ ಅಂದಾನ’ ಎಂದು ಮಗಳು ದೀಪಾವಳಿಯಿಂದಲೂ ಬೆನ್ನು ಬಿದ್ದಿದ್ದಳು.

ಗಂಗಾವತಿಯಲ್ಲಿ ಇಳಿದು ಒಗ್ಗರಣಿ ಮಿರ್ಚಿ ತಿಂದು, ಕಂಪ್ಲಿ ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಬೇಸಿಗೆ ಭತ್ತ, ಹಸಿರು ಅಂದರೆ ಕಣ್ಣು ತಂಪಾಗುವ ಹಸಿರು. ಕಂಪ್ಲಿ ಸೇತುವೆ ಮೇಲೆ ಬಂದಾಗ ತುಂಗಭದ್ರೆ ಬಂಡೆಗಳ ನಡುವೆ ಸಣ್ಣ ಸಣ್ಣ ಕಾಲುವೆಗಳಾಗಿ ಹರಿಯುತ್ತಿದ್ದಳು. ಡ್ಯಾಮಿನ ಗೇಟು ಎತ್ತಿದ ಮಳೆಗಾಲದಲ್ಲಿ ಇದೇ ಸೇತುವೆ ನೀರಿನಡಿ ಮುಳುಗುತ್ತದೆ ಎಂದರೆ ಮಗಳು ನಂಬಲಿಲ್ಲ. 2019ರ ಆಗಸ್ಟಿನಲ್ಲಿ ಮೇಲ್ಗಡೆ ಹೊಳೆಯ ನಡುವಿನ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಪ್ರವಾಹದ ನಡುವೆ ಸಿಕ್ಕಿಕೊಂಡಾಗ ಕೊನೆಗೆ ಹೆಲಿಕಾಪ್ಟರ್ ತರಬೇಕಾಯಿತು ಎಂದು ಹೇಳಿದೆ. ಅವಳು ಕಿಟಕಿಯಿಂದ ಮತ್ತೊಮ್ಮೆ ಕೆಳಗೆ ನೋಡಿ ಸುಮ್ಮನಾದಳು.

ದರೋಜಿ ಕರಡಿಧಾಮಕ್ಕೆ ಕಂಪ್ಲಿ ಕಡೆಯಿಂದ ರಾಮಸಾಗರದ ದಾರಿ ಹಿಡಿಯಬೇಕು. ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರು ಜಾಗವನ್ನು 1994ರ ಅಕ್ಟೋಬರಿನಲ್ಲಿ ಸರ್ಕಾರ ಕರಡಿಗಳಿಗೆಂದು ಕಾಯ್ದಿರಿಸಿತು. ಕಾಡು ಅಂದರೆ ಮಲೆನಾಡಿನವರು ಕಣ್ಣಮುಂದೆ ತಂದುಕೊಳ್ಳುವ ಕಾಡು ಇಲ್ಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗುಡ್ಡ, ಸಂದಿಯಲ್ಲಿ ಬಂದರಿಕೆ ಗಿಡ, ಜಾಲಿ, ಕಾರೆ, ಬಾರಿ. ಈ ಬಂಡೆಗಳ ಪೊಟರೆಗಳೇ ಕರಡಿಗೆ ಮನೆ. ಹಗಲೆಲ್ಲ ಮಲಗಿ ಹೊತ್ತು ಇಳಿದ ಮೇಲೆ ಹೊರಬರುತ್ತವೆ. ಕಾಡಿನ ಅಂಚಿಗೇ ಬಾಳೆ ತೋಟ, ಕಬ್ಬು, ಮೆಕ್ಕೆಜೋಳ. ಇಲ್ಲಿಯ ಜಗಳವೆಲ್ಲ ಹುಟ್ಟುವುದು ಆ ಅಂಚಿನಲ್ಲೇ.

ಮಧ್ಯಾಹ್ನದ ಮೇಲೆ ಟಿಕೆಟ್ ಕೊಂಡು ವೀಕ್ಷಣಾ ಗೋಪುರ ಹತ್ತಿದೆವು. ಎದುರಿನ ಬಂಡೆಗಳ ಮೇಲೆ ಸಿಬ್ಬಂದಿ ಜೋನಿಬೆಲ್ಲ ಸವರಿ ಹೋಗಿದ್ದರು. ಮೊದಲು ನವಿಲು ಬಂದವು, ಆಮೇಲೆ ಪಕ್ಷಿ ನೋಡುವವರು ಪೇಂಟೆಡ್ ಸ್ಪರ್‌ಫೌಲ್ ಎಂದು ಹುಡುಕಿಕೊಂಡು ಬರುವ ಚುಕ್ಕೆಚುಕ್ಕೆಯ ಕಾಡುಕೋಳಿ ಜೋಡಿ. ಐದು ಗಂಟೆ ಸುಮಾರಿಗೆ ಗುಡ್ಡದ ಮೇಲಿನಿಂದ ಕರ್ರಗಿನ ಗುಡ್ಡೆಯೊಂದು ಉರುಳಿದ ಹಾಗೆ ಕರಡಿ ಇಳಿಯಿತು. ಬೆನ್ನ ಮೇಲೆ ಮರಿ! ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ದುರ್ಬೀನಿನಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿದೆ. ತಾಯಿ ಕರಡಿ ತುಟಿಯನ್ನು ಕೊಳವೆ ಮಾಡಿಕೊಂಡು ಬಂಡೆಯ ಬಿರುಕಿಗೆ ಇಟ್ಟು ಎಳೆಯುತ್ತಿತ್ತು. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲು ಇರುವುದಿಲ್ಲವಂತೆ. ಗೆದ್ದಲನ್ನು ಹೀರಿ ತೆಗೆಯಲು ಆ ಸಂದಿ ಬೇಕು. ಗಾಳಿ ನಮ್ಮ ಕಡೆ ಬೀಸಿದಾಗ ‘ಜೊರ್ರ್’ ಎಂದು ಹೀರುವ ಸದ್ದು ಗೋಪುರದ ತನಕ ಕೇಳಿಸಿತು. ಬೆಳ್ಳಗಿನ ಉದ್ದ ಉಗುರು, ಎದೆಯ ಮೇಲೆ ಬಿಳಿ ಪಟ್ಟೆ, ಮರಿ ಇಳಿಯಲು ಹೋದರೆ ತಾಯಿ ಬೆನ್ನು ಕೊಡುವ ರೀತಿ. ಸ್ವಲ್ಪ ಹೊತ್ತಿಗೆ ಇನ್ನೊಂದು ದೊಡ್ಡ ಕರಡಿ ಒಂಟಿಯಾಗಿ ಬಂತು. ಅದು ತಿರುಗಿದಾಗ ಸೊಂಟದ ಸುತ್ತ ಕೂದಲಿಲ್ಲದ ಒಂದು ಗೆರೆ ಕಂಡಿತು, ಉಡಿದಾರ ಕಟ್ಟಿದ ಹಾಗೆ.

ಭಾವ ಕೆಳದನಿಯಲ್ಲಿ, ‘ಅದs ಇರಬೇಕು. ಎರಡು ವರ್ಷದ ಹಿಂದ ಬಾಳಿ ತ್ವಾಟದಾಗ ಸಿಕ್ಕೊಂಡಿತ್ತಲ್ಲ, ಅದು’ ಅಂದರು. ಆಮೇಲೆ ಅವರೇ, ‘ಖಾತ್ರಿ ಹೇಳಾಕ ಬರಂಗಿಲ್ಲ ಬಿಡು’ ಅಂದರು. ಆದರೂ ಅದು ಬಂಡೆಯ ಹಿಂದೆ ಮರೆಯಾಗುವ ತನಕ ದುರ್ಬೀನು ಇಳಿಸಲಿಲ್ಲ.

ಆ ಕಥೆಯನ್ನು ರಾತ್ರಿ ಅಕ್ಕನ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಹೇಳಿದರು. ಬೆಳಗಿನ ಜಾವ ಫೋನು ಬಂದಿತ್ತಂತೆ. ಹಂದಿಗೆಂದು ಕಟ್ಟಿದ ಉರುಳಿಗೆ ಕರಡಿ ಬಿದ್ದಿದೆ. ಇವರು ಹೋಗುವಷ್ಟರಲ್ಲಿ ಊರಿಗೆ ಊರೇ ನೆರೆದಿತ್ತು. ‘ಕರಡಿ ಹಿಡಿಯೋದು ಕಷ್ಟ ಅಲ್ಲ ತಂಗೆವ್ವಾ, ಜನಾ ಹಿಡಿಯೋದು ಕಷ್ಟ’ ಅಂದರು. ಜನ ಹತ್ತಿರ ಬಂದಷ್ಟೂ ಪ್ರಾಣಿ ಎಳೆದಾಡುತ್ತದೆ, ಎಳೆದಾಡಿದಷ್ಟೂ ತಂತಿ ಒಳಗೆ ಇಳಿಯುತ್ತದೆ. ಒಂದು ವೇಳೆ ಗೂಟ ಕಿತ್ತು ಬಂದರೆ ಅದು ನೇರ ಎದುರಿಗೆ ನಿಂತವನ ಮುಖಕ್ಕೇ ಹಾಯುತ್ತದೆ. ಕರಡಿಯಿಂದ ಗಾಯಗೊಂಡವರಲ್ಲಿ ತಲೆ, ಮುಖದ ಗಾಯವೇ ಹೆಚ್ಚು. ಅದಕ್ಕೇ ಮೊದಲ ಒಂದು ತಾಸು ಇವರು ಕರಡಿ ಕಡೆ ತಿರುಗಿಯೂ ನೋಡಲಿಲ್ಲ. ಪೊಲೀಸರನ್ನು ಕರೆಸಿ ಹಗ್ಗ ಕಟ್ಟಿ ಜನರನ್ನು ರಸ್ತೆಯ ಆಚೆ ನಿಲ್ಲಿಸಿದರು.

ಪಶುವೈದ್ಯರು ಬಂದು ತೂಕ ಅಂದಾಜು ಮಾಡಿ ಮದ್ದಿನ ಸೂಜಿ ಹಾರಿಸಿದರು. ಕೆಟಮಿನ್, ಜೈಲಜಿನ್ ಎಂಬ ಎರಡು ಔಷಧ ಸೇರಿಸಿ ಕೊಡುತ್ತಾರೆ. ಪ್ರಾಣಿ ಮಲಗಿದ ಮೇಲೂ ಉದ್ದ ಕೋಲಿನಿಂದ ಮುಟ್ಟಿ ನೋಡಿ, ಕಿವಿ ಅಲ್ಲಾಡದಿದ್ದರೆ ಮಾತ್ರ ಹತ್ತಿರ ಹೋಗಬೇಕು. ಆ ಮದ್ದಿಗೆ ರೆಪ್ಪೆ ಮುಚ್ಚುವುದಿಲ್ಲ, ಅದಕ್ಕೆ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಾರೆ. ಮೈಯ ಶಾಖ ಹಿಡಿತ ತಪ್ಪುವುದರಿಂದ, ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಕೊಡಗಟ್ಟಲೆ ನೀರು ಹಾಕುತ್ತಿರಬೇಕು. ‘ಒಬ್ರು ನೀರು ಹಾಕೋದು, ಒಬ್ರು ಉಸಿರು ಎಣಿಸೋದು. ನನ್ನ ಪಾಲಿಗೆ ಉಸಿರು ಬಂತು. ಅದರ ಹೊಟ್ಟಿ ಮ್ಯಾಲ ಕೈ ಇಟ್ಕೊಂಡು ಎಣಿಸಿದೆ.’ ಕಟರ್‌ನಿಂದ ತಂತಿ ತುಂಡರಿಸಿ, ಚರ್ಮದೊಳಗೆ ಹೂತದ್ದನ್ನು ಬಿಡಿಸಿ, ಗಾಯ ತೊಳೆದು, ಬೋನಿಗೆ ಹಾಕಿದ ಮೇಲೆ ಎಚ್ಚರವಾಗುವ ಇಂಜೆಕ್ಷನ್ ಕೊಟ್ಟರು. ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದಲ್ಲಿ ಗಾಯ ಮಾಯುವವರೆಗೆ ಇಟ್ಟುಕೊಂಡು ಮತ್ತೆ ಕಾಡಿಗೆ ಬಿಟ್ಟರಂತೆ. ಅಕ್ಕ ನಡುವೆ ಬಾಯಿ ಹಾಕಿ, ‘ಅವತ್ತು ಮನಿಗೆ ಬಂದಾಗ ಇವರ ಮೈಯೆಲ್ಲಾ ಕರಡಿ ನಾತ. ಎರಡು ದಿನ ಹೋಗಲಿಲ್ಲ’ ಅಂದಳು.

ಮರುದಿನ ಬೆಳಗ್ಗೆ ಭಾವ ಗಸ್ತಿಗೆ ಹೊರಟಾಗ ಮಗಳು ಹಟ ಹಿಡಿದಳು. ‘ಧಾಮದ ಒಳಗ ನಿಮ್ಮನ್ನ ಕರ್ಕೊಂಡು ಹೋಗಾಕ ನನಗ ಅಧಿಕಾರ ಇಲ್ಲ’ ಎಂದು ಖಡಾಖಂಡಿತ ಹೇಳಿದರು. ಹೊಲದ ಕಡೆಯ ಬಂಡಿದಾರಿಯಲ್ಲಿ ಸ್ವಲ್ಪ ದೂರ ಬರಬಹುದು ಅಂದರು. ಜೊತೆಗೆ ಒಬ್ಬ ವಾಚರ್. ಇಬ್ಬರ ಕೈಯಲ್ಲೂ ಬಿದಿರ ಕೋಲು, ಅಷ್ಟೇ. ಕೋಲನ್ನು ಕಲ್ಲಿಗೆ ಬಡಿಯುತ್ತಾ, ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಾ ನಡೆಯುತ್ತಾರೆ. ಗೊತ್ತಿಲ್ಲದೆ ಎದುರಾದಾಗ ಕರಡಿ ಗಾಬರಿಯಿಂದಲೇ ಮೇಲೆ ಬೀಳುತ್ತದೆ. ಸದ್ದು ಕೇಳಿದರೆ ಅದೇ ದಾರಿ ಬಿಡುತ್ತದೆ. ನಸುಕಿನಲ್ಲಿ ಒಬ್ಬೊಬ್ಬರೇ ಚೊಂಬು ಹಿಡಿದು ಬಯಲಿಗೆ ಹೋಗಬೇಡಿ ಎಂದು ಊರೂರಿಗೆ ಹೇಳುವುದೂ ಇವರ ಕೆಲಸವೇ.

ಅರ್ಧ ಮೈಲು ನಡೆದಿರಲಿಲ್ಲ, ಮುಂದಿದ್ದ ವಾಚರ್ ಕೈ ಎತ್ತಿ ನಿಂತ. ಬೇಲಿಯ ಸಂದಿ, ಪ್ರಾಣಿಗಳು ನುಸುಳಿ ನುಸುಳಿ ನುಣ್ಣಗಾದ ದಾರಿ. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಭಾವ ಕೋಲಿನ ತುದಿಯಿಂದ ತೋರಿಸಿದ ಮೇಲೆ ಕಂಡಿತು: ಮೊಣಕಾಲೆತ್ತರದಲ್ಲಿ ಬಳೆಯಂತೆ ತೆರೆದುಕೊಂಡ ಒಂದು ಕುಣಿಕೆ, ಬಂದರಿಕೆ ಎಲೆಯ ಮರೆಯಲ್ಲಿ, ಬುಡ ಜಾಲಿ ಬೊಡ್ಡೆಗೆ ಬಿಗಿದಿತ್ತು. ಬೈಕಿನ ಕ್ಲಚ್ ವೈರು. ಹೊಳಪು ಕಾಣಬಾರದೆಂದು ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿದ್ದರು. ವೈರಿನ ಒಂದು ತುದಿಗಿರುವ ಪುಟ್ಟ ಲೋಹದ ಗುಂಡು ಹಾಗೇ ಇತ್ತು. ನಮ್ಮ ಮನೆ ಗಾಡಿಯಲ್ಲೂ ಇರುವಂಥದ್ದೇ.

ಕಿತ್ತು ಬಿಸಾಡುತ್ತಾರೆ ಅಂದುಕೊಂಡೆ. ಯಾರೂ ಮುಟ್ಟಲಿಲ್ಲ. ಭಾವ ಫೋನ್ ಮಾಡಿದರು, ಮುಕ್ಕಾಲು ತಾಸಿಗೆ ಉಪ ವಲಯ ಅರಣ್ಯಾಧಿಕಾರಿ ಬೈಕಿನಲ್ಲಿ ಬಂದರು. ಇದ್ದ ಹಾಗೇ ಫೋಟೊ, ಜಿಪಿಎಸ್ ರೀಡಿಂಗು, ನೆಲದಿಂದ ಕುಣಿಕೆಗೆ ಎಷ್ಟು ಇಂಚು, ಗಡಿಕಲ್ಲಿನಿಂದ ಎಷ್ಟು ಮಾರು. ಬಂಡೆಯನ್ನೇ ಮೇಜು ಮಾಡಿಕೊಂಡು ಮಹಜರು ಬರೆದರು. ಸಾಕ್ಷಿಗೆ ಪಂಚರು ಇಬ್ಬರು ಬೇಕಿತ್ತು. ‘ನಾ ಸಹಿ ಮಾಡ್ಲೇನು ಭಾವ?’ ಎಂದೆ. ‘ಬ್ಯಾಡವ್ವಾ. ನೀ ನನ್ನ ನಾದಿನಿ. ನಾಳೆ ಕೋರ್ಟಿನ್ಯಾಗ ವಕೀಲರು ಅದೊಂದನ್ನs ಹಿಡ್ಕೊಂಡು ಕೇಸು ಬೀಳಸ್ತಾರ.’ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಕುರಿಗಾಹಿಗಳನ್ನು ಕರೆದು, ಬರೆದದ್ದನ್ನು ಓದಿ ಹೇಳಿ ಸಹಿ, ಹೆಬ್ಬೆಟ್ಟು ಪಡೆದರು. ತಂತಿಯನ್ನು ಬಿಚ್ಚಿ ಬಿಳಿ ಬಟ್ಟೆಯಲ್ಲಿ ಹೊಲಿದು ಅರಗು ಹಾಕಿ ಸೀಲು ಒತ್ತುವಾಗ ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

‘ಪ್ರಾಣಿ ಸತ್ತಿಲ್ಲಲ್ಲ, ಕೇಸು ಹೆಂಗಾಗತೈತಿ?’ ಎಂದು ಕೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಮಾತಿನ ಅರ್ಥದೊಳಗೇ ಉರುಳು ಹಾಕುವುದೂ, ಅದರ ಪ್ರಯತ್ನವೂ ಸೇರಿದೆಯಂತೆ. ಹುಡುಕುವ, ಜಪ್ತಿ ಮಾಡುವ, ಬಂಧಿಸುವ ಅಧಿಕಾರ 50ನೇ ಕಲಮಿನಲ್ಲಿ ಇವರಿಗಿದೆ. ಕರಡಿ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಬೇಟೆಯಾಡಿದರೆ ಕಡಿಮೆಯೆಂದರೆ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ದಂಡ 25,000 ರೂಪಾಯಿಗಿಂತ ಕಡಿಮೆ ಇಲ್ಲ. ಇಷ್ಟೆಲ್ಲಾ ಬಲ ಇರುವ ಕಾನೂನು ನಿಲ್ಲುವುದು ಮಾತ್ರ ಆ ಬಂಡೆಯ ಮೇಲೆ ಬರೆದ ಎರಡು ಹಾಳೆಯ ಮೇಲೆ. ಹದಿನೈದು ಕಿಲೋಮೀಟರು ನಡೆದು ಬಂದವನ ಅಕ್ಷರ ಸ್ಪಷ್ಟವಾಗಿರಬೇಕು, ಟೈಮು ತಪ್ಪಬಾರದು.

ಪಕ್ಕದ ಹೊಲದ ರೈತ ಬಂದು ನಿಂತಿದ್ದ. ವೈರು ತನ್ನದಲ್ಲ ಅಂದ. ಆದರೆ ಹಂದಿ ಬಿದ್ದು ಹಾಳಾದ ಮೆಕ್ಕೆಜೋಳ ತೋರಿಸುವಾಗ ಅವನ ದನಿ ನಡುಗಿತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ತವರಿನಲ್ಲಿ ಹಂದಿ ನುಗ್ಗಿ ಜೋಳ ಮಲಗಿಸಿದಾಗ ಅಪ್ಪ ಪರಿಹಾರಕ್ಕೆಂದು ಒಂದು ಕಚೇರಿಗೆ ನಾಲ್ಕು ಸಲ ಅಲೆದು, ಪ್ರತಿ ಸಲ ಒಂದೊಂದು ಕಾಗದ ಕಡಿಮೆ ಅನ್ನಿಸಿಕೊಂಡು, ಐದನೇ ಸಲಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಬೆಳೆ ಪರಿಹಾರ ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಈ ತಂತಿಗಳಲ್ಲಿ ಎಷ್ಟೋ ಕಟ್ಟುವುದೇ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಭಾವ ಅವನ ಹೊಲದ ಫೋಟೊ ತಾವೇ ತೆಗೆದುಕೊಂಡು, ‘ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಸೋಮವಾರ ಬಾ. ಅರ್ಜಿ ನಾನs ಬರಸ್ತೀನಿ’ ಅಂದರು. ಅವನು ತಲೆಯಾಡಿಸಿದ.

ಮಧ್ಯಾಹ್ನ ಊಟಕ್ಕೆ ಕಂಪ್ಲಿ ಹೊಳೆದಂಡೆಗೆ ಬಂದೆವು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ನೀರುನಾಯಿ ಕಾಣಲಿಲ್ಲ. ಒಂದು ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಒಣ ಹಿಕ್ಕೆ ಮಾತ್ರ ಇತ್ತು. ತೋಟೆ ಸಿಡಿಸಿ ಮೀನು ಹಿಡಿಯುವವರಿಂದ ಇವುಗಳಿಗೆ ದೊಡ್ಡ ಕಂಟಕ. ಒಂದು ಸಿಡಿತಕ್ಕೆ ಮರಿಮೀನೂ ಉಳಿಯುವುದಿಲ್ಲ, ನೀರುನಾಯಿಗೆ ತಿನ್ನಲು ಏನೂ ಇರುವುದಿಲ್ಲ. ರಾತ್ರಿ ಆ ಸದ್ದು ಬಂದ ದಿಕ್ಕಿಗೆ ಓಡುವುದೂ ಗಸ್ತಿನ ಲೆಕ್ಕಕ್ಕೇ.

ಅಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಭಾವ ಎರಡು ತುತ್ತು ತಿಂದಿರಲಿಲ್ಲ, ಫೋನ್ ಬಂತು. ಕಾಲುವೆ ಪಕ್ಕದ ಗದ್ದೆಯಲ್ಲಿ ಮೊಸಳೆ, ಕಳೆ ಕೀಳಲು ಹೋದ ಹೆಣ್ಣುಮಕ್ಕಳು ನೋಡಿದ್ದಾರೆ. ‘ಯಾರೂ ಕಲ್ಲು ಒಗೀಬ್ಯಾಡ್ರಿ, ದೂರ ನಿಲ್ರಿ, ಬಂದೆ’ ಅನ್ನುತ್ತಲೇ ಎದ್ದರು. ಹಗ್ಗ, ಗೋಣಿಚೀಲ ಬೈಕಿನ ಹಿಂದೆ ಮೊದಲೇ ಕಟ್ಟಿತ್ತು. ಉಳಿದ ರೊಟ್ಟಿಯನ್ನು ಮಗಳು ಮತ್ತೆ ಬುತ್ತಿಯಲ್ಲಿ ಸುತ್ತಿ ಅವರ ಚೀಲಕ್ಕೆ ತುರುಕಿದಳು.

ನಾವು ಬಸ್ಸು ಹಿಡಿದು ಸಿಂಧನೂರು ಮುಟ್ಟಿದಾಗ ಒಂಬತ್ತು ದಾಟಿತ್ತು. ಮಗಳು ಚಪ್ಪಲಿಯನ್ನೂ ಬಿಡದೆ ನನ್ನ ಫೋನ್ ಕಸಿದುಕೊಂಡು ದೊಡ್ಡಪ್ಪನಿಗೆ ಹಚ್ಚಿದಳು.

‘ಸಿಕ್ತೇನು ದೊಡ್ಡಪ್ಪ?’

‘ಸಿಕ್ತವ್ವಾ. ಆರಡಿ ಐತಿ. ಕಣ್ಣಿಗೆ ಹಸಿ ಗೋಣಿಚೀಲ ಹಾಕಿದ ಕೂಡ್ಲೇ ತಣ್ಣಗಾತು. ಈಗ ಹೊಳಿಗೆ ಬಿಡಾಕ ಹೊಂಟೀವಿ.’

‘ರೊಟ್ಟಿ ತಿಂದಿಯೇನು?’

‘ಇನ್ನಾ ಇಲ್ಲ. ಬಿಟ್ಟು ಬಂದು ತಿಂತೀನಿ.’